ಅತ್ತೆಯ ಕಾಲು ಮತ್ತು ಕಣದ ಪ್ಲಾಸ್ಟರು

ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ನನ್ನ ಬಲಗೈಯ ತೋರುಬೆರಳಿಗೆ ಒಂದು ಪ್ಲಾಸ್ಟರ್ ಬೀಳುತ್ತದೆ. ಫೆಬ್ರವರಿ ಮುಗಿಯುವ ತನಕ ಅದು ಇಳಿಯುವುದಿಲ್ಲ. ನೆಂಟರ ಮದುವೆಗೆ ಹೋದರೂ ಮೈಮೇಲೆ ರೇಷ್ಮೆ ಸೀರೆ, ಬೆರಳಿಗೆ ಪ್ಲಾಸ್ಟರ್. ಕುಂಕುಮ ಕೊಡಲು ಬಂದವರೆಲ್ಲ, "ಅಯ್ಯೋ, ಬೆರಳಿಗೆ ಎಂತಾಯ್ತು?" ಅಂತ ಕೇಳಿಯೇ ಕೇಳುತ್ತಾರೆ. ಏನಂತ ಹೇಳಲಿ? ಈ ಬೆರಳಿನ ಪ್ಲಾಸ್ಟರಿಗೆ ಕಾರಣ ನಮ್ಮ ಮನೆ ಮುಂದಿನ ಕಾಫಿ ಒಣಗಿಸುವ ಕಣದ ಪ್ಲಾಸ್ಟರು. ಕಣದ ಪ್ಲಾಸ್ಟರ್ ಹಾಳಾಗಲು ಕಾರಣ ನಮ್ಮತ್ತೆಯ ಕಾಲಿನ ಪ್ಲಾಸ್ಟರು. ಅದಕ್ಕೆ ಕಾರಣ ಯಾರು ಅನ್ನುವುದನ್ನು ಮದುವೆ ಮನೆಯಲ್ಲಿ ನಿಂತು ಹೇಳಲಿಕ್ಕಾಗುತ್ತದಾ? "ಏನಿಲ್ಲ, ಸ್ವಲ್ಪ ತರಚಿದೆ" ಅಂದು ಊಟ ಮುಗಿಸಿಕೊಂಡು ಬಂದುಬಿಡುತ್ತೇನೆ.

ನಿಮ್ಮ ಹತ್ತಿರವಾದರೆ ಹೇಳಬಹುದು. ನೀವು ಪಂಕ್ತಿಯಲ್ಲಿ ಎಲೆ ಹಿಡಿಯಲು ಓಡುವ ಅವಸರದಲ್ಲಿಲ್ಲ.

ಮೊದಲಿಗೆ ಈ ಪ್ಲಾಸ್ಟರ್ ಅನ್ನುವ ಶಬ್ದದ ಮೇಲೇ ನನಗೆ ಸಿಟ್ಟು. ಇಂಗ್ಲಿಷಿನವರಿಗೆ ಶಬ್ದಗಳಿಗೆ ಬರವಿತ್ತೋ ಏನೋ, ಗೋಡೆಗೆ ಮೆತ್ತುವುದಕ್ಕೂ ಅದೇ, ಮುರಿದ ಮೂಳೆಗೆ ಕಟ್ಟುವುದಕ್ಕೂ ಅದೇ, ತರಚಿದ ಬೆರಳಿಗೆ ಅಂಟಿಸುವುದಕ್ಕೂ ಅದೇ. ನಮ್ಮಲ್ಲಿ ಸಾರಿಸುವುದು, ಬಳಿಯುವುದು, ಮೆತ್ತುವುದು, ಗಾರೆ ಹಾಕುವುದು, ಕಟ್ಟು ಕಟ್ಟುವುದು ಅಂತ ಒಂದೊಂದಕ್ಕೆ ಒಂದೊಂದು ಮಾತಿದೆ. ಇದ್ದು ಏನು ಬಂತು? ಎಲ್ಲವನ್ನೂ ಅಟ್ಟಕ್ಕೆ ಹಾಕಿ ನಾವೂ ಪ್ಲಾಸ್ಟರ್ ಅನ್ನಲು ಶುರುಮಾಡಿದೆವು. ನಮ್ಮತ್ತೆ ಮಾತ್ರ ಇವತ್ತಿಗೂ ಮೂರಕ್ಕೂ ಸೇರಿಸಿ "ಪಲಾಸ್ತ್ರಿ" ಅನ್ನುತ್ತಾರೆ. ಅವರ ಬಾಯಲ್ಲಿ ಅದು ಯಾರೋ ದೂರದ ನೆಂಟರ ಹೆಸರಿನ ಹಾಗೆ ಕೇಳುತ್ತದೆ.

ನಮ್ಮ ಮಾವನವರಿಗೆ ಪ್ರಿಯವಾದದ್ದು ಅಂಟಿಸುವ ಪ್ಲಾಸ್ಟರ್. ತಗಡಿನ ಡಬ್ಬಿಯೊಳಗೆ ಸುರುಳಿ ಸುತ್ತಿದ ಬಿಳಿ ಬಟ್ಟೆಯ ಪಟ್ಟಿ. ಗೋಣಿಬೀಡಿಗೆ ಹೋದಾಗಲೆಲ್ಲ ಒಂದು ಡಬ್ಬಿ ತಂದಿಡುತ್ತಿದ್ದರು. ಅದನ್ನು ಗಾಯಕ್ಕೆಂದು ಮಾಡಿದ್ದಾರೆ ಅನ್ನುವುದೇ ಅವರಿಗೆ ಮರೆತುಹೋಗಿತ್ತು. ಕನ್ನಡಕದ ಕಾಲು ಮುರಿದರೆ ಪ್ಲಾಸ್ಟರ್, ಟಾರ್ಚಿನ ಮುಚ್ಚಳ ಸಡಿಲವಾದರೆ ಪ್ಲಾಸ್ಟರ್. ರೇಡಿಯೋ, ಛತ್ರಿ, ಗಿಡಕ್ಕೆ ಔಷಧಿ ಹೊಡೆಯುವ ಪಂಪಿನ ಪೈಪು, ಫೋನಿನ ರಿಸೀವರು, ಎಲ್ಲದರ ಮೈಮೇಲೂ ಬಿಳಿ ಪಟ್ಟಿ. ಒಂದು ಸಲ ನಮ್ಮ ಮದುವೆ ಫೋಟೋದ ಗಾಜು ಬಿರುಕು ಬಿಟ್ಟಿತೆಂದು ಸರಿಯಾಗಿ ನನ್ನ ಮುಖದ ಮೇಲೆಯೇ ಅಡ್ಡಕ್ಕೆ ಅಂಟಿಸಿಬಿಟ್ಟರು. ನಾನು ಮುಖ ಊದಿಸಿಕೊಂಡದ್ದು ನೋಡಿ, "ಬೇರೆ ಕಡೆ ಬಿರುಕು ಬಿಟ್ಟಿರ್ಲಿಲ್ಲ ಮಗಾ" ಅಂದರು. ಹತ್ತು ವರ್ಷ ಆ ಫೋಟೋದಲ್ಲಿ ನನಗೆ ಮೂಗಿರಲಿಲ್ಲ. ಇಂಥ ಮನೆಯಲ್ಲಿ ಈಳಿಗೆಮಣೆಗೆ ಬೆರಳು ಕೊಟ್ಟುಕೊಂಡು, ರಕ್ತ ಸುರಿಸುತ್ತ ಪ್ಲಾಸ್ಟರ್ ಎಲ್ಲಿ ಅಂತ ಕೂಗಿದರೆ ಡಬ್ಬಿ ಖಾಲಿ! "ಮೊನ್ನೆ ಪೈಪಿಗೆ ಸುತ್ತಿದ್ದಲ್ಲಿಗೆ ಮುಗೀತಲ್ಲ."

ಹಾಗೆ ನೋಡಿದರೆ ಈ ಅಂಟುವ ಪ್ಲಾಸ್ಟರಿನ ಹುಚ್ಚು ನನಗೂ ಚಿಕ್ಕಂದಿನಲ್ಲಿ ಇತ್ತು. ನಾನು ಹುಟ್ಟಿ ಬೆಳೆದದ್ದು ಕಳಸದ ಕಡೆ. ನಮ್ಮ ಶಾಲೆಯ ಹತ್ತಿರ ಒಬ್ಬರು ಕಂಪೌಂಡರು ಇದ್ದರು. ಒಂದಂಗುಲ ಪ್ಲಾಸ್ಟರ್ ಕತ್ತರಿಸಬೇಕಾದರೆ ಅಕ್ಕಸಾಲಿಗರು ಚಿನ್ನದ ತಗಡು ಕತ್ತರಿಸುವ ಹಾಗೆ ಹುಬ್ಬು ಗಂಟು ಹಾಕಿಕೊಳ್ಳುತ್ತಿದ್ದರು. ಸಣ್ಣಪುಟ್ಟ ಗಾಯಕ್ಕೆಲ್ಲ ಅವರು ಕೊಡುತ್ತಿದ್ದದ್ದು ಉರಿಯುವ ಕೆಂಪು ಔಷಧಿ ಮಾತ್ರ. ಹಾಗಾಗಿ ಮೊಣಕಾಲಿಗೆ ಬಿಳಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳೆಂದರೆ ತರಗತಿಗೆ ರಾಣಿ. ನನಗೋ ಸರಿಯಾದ ಒಂದು ಗಾಯವೇ ಆಗುತ್ತಿರಲಿಲ್ಲ. ಕೊನೆಗೆ ಗೆಳತಿಯೊಬ್ಬಳಿಗೆ ಎಂಟು ನೆಲ್ಲಿಕಾಯಿ ಕೊಟ್ಟು ಅವಳ ಮೊಣಕಾಲಿನ ಹಳೇ ಪ್ಲಾಸ್ಟರನ್ನು ಕೊಂಡುಕೊಂಡೆ. ಅನ್ನದ ಅಗುಳು ಹಚ್ಚಿ ಅಂಗೈಗೆ ಅಂಟಿಸಿಕೊಂಡು ಮನೆಗೆ ಬಂದು, "ಕೈ ನೋವು, ಇವತ್ತು ನೀರು ಹೊರಕ್ಕಾಗಲ್ಲ" ಅಂತ ಮಲಗಿಬಿಟ್ಟೆ. ಅಮ್ಮ ಬಂದವಳೇ ಪರಕ್ಕನೆ ಕಿತ್ತಳು. "ಎಲ್ಲಿದೆಯೇ ಗಾಯ?" ಅಂದಳು. "ಒಳಗಿದೆ" ಅಂದೆ. ಅವತ್ತು ಎರಡು ಕೊಡ ಜಾಸ್ತಿಯೇ ಹೊತ್ತೆ.

ಕೆಲಸ ತಪ್ಪಿಸಿಕೊಳ್ಳಲು ಸುಳ್ಳು ಹೇಳುವ ಬುದ್ಧಿ ನನಗೆ ಅಷ್ಟು ಹಳೆಯದು. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಈಗ ಕಣದ ವಿಷಯ. ಮದುವೆಯಾಗಿ ಗೋಣಿಬೀಡಿನ ಹತ್ತಿರದ ಈ ತೋಟಕ್ಕೆ ನಾನು ಬರುವ ಎಷ್ಟೋ ಮೊದಲೇ ನಮ್ಮ ಅತ್ತೆ ಮಾವನ ನಡುವೆ ಒಂದು ಒಪ್ಪಂದವಾಗಿತ್ತು. ಕಾಫಿ ಗಿಡದಲ್ಲಿರುವ ತನಕ ಮಾವನದು. ಕುಯ್ದು ಕಣಕ್ಕೆ ಬಂದ ಮೇಲೆ ಅತ್ತೆಯದು. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಎಷ್ಟು ದಪ್ಪಕ್ಕೆ ಹರಡಬೇಕು, ಯಾವಾಗ ಮಗುಚಬೇಕು, ಸಂಜೆ ಯಾವಾಗ ರಾಶಿ ಮಾಡಿ ಮುಚ್ಚಬೇಕು, ಇದೆಲ್ಲ ಅವರ ಸರ್ಕಾರ. ಕಾಳೊಂದನ್ನು ಹಲ್ಲಲ್ಲಿ ಕಚ್ಚಿ, "ಇನ್ನೂ ಒಂದು ಬಿಸಿಲು ಬೇಕು" ಅಂದರೆ ಮುಗಿಯಿತು, ಮಾವನೂ ಎದುರು ಮಾತಾಡುತ್ತಿರಲಿಲ್ಲ. ಕಣ ಆಗ ಮಣ್ಣಿನದು. ಕುಯ್ಲು ಶುರುವಾಗುವ ಮೊದಲು, ನವೆಂಬರಿನಲ್ಲಿ, ಅತ್ತೆ ನಾಲ್ಕು ಹೆಣ್ಣಾಳು ಕಟ್ಟಿಕೊಂಡು ಅದನ್ನು ಕೆರೆದು, ಬಡಿದು, ಸೆಗಣಿ ಹಾಕಿ ಸಾರಿಸುತ್ತಿದ್ದರು.

ತೊಂಬತ್ತರ ದಶಕದ ನಡುವೆ ಕಾಫಿಗೆ ಒಳ್ಳೆಯ ರೇಟು ಬಂತು ನೋಡಿ, ಸುತ್ತಮುತ್ತಲಿನ ತೋಟದವರೆಲ್ಲ ಸಿಮೆಂಟಿನ ಕಣ ಮಾಡಿಸಲು ಹೊರಟರು. ಮಾವನಿಗೂ ಆಸೆ ಹತ್ತಿತು. ಅತ್ತೆ, "ಸಿಮೆಂಟಿನ ಮೇಲೆ ಕಾಫಿ ಒಣಗಲ್ಲ, ಬೇಯ್ತದೆ" ಅಂದು ಬಾಯಿ ಮುಚ್ಚಿಸಿದರು. ಎರಡು ವರ್ಷ ಹೀಗೇ ನಡೆಯಿತು. ಮೂರನೇ ವರ್ಷ ಸಾರಿಸುವಾಗ ಯಾವಳೋ ಒಂದು ಮೂಲೆ ಬಿಟ್ಟಳೆಂದು ಅತ್ತೆಗೆ ಸಿಟ್ಟು ಬಂತು. ಸುತ್ತಿಕೊಂಡು ಹೋಗುವಷ್ಟು ತಾಳ್ಮೆ ಅವರಿಗೆಲ್ಲಿ? ಹಸಿ ಸೆಗಣಿಯ ಮೇಲೇ ದಾಪುಗಾಲು ಹಾಕಿದರು. ನಾಲ್ಕನೇ ಹೆಜ್ಜೆಗೆ ಜಾರಿ ಬಿದ್ದು ಎಡಗಾಲಿನ ಹರಡಿನ ಹತ್ತಿರ ಮೂಳೆ ಮುರಿದುಕೊಂಡರು.

ಚಿಕ್ಕಮಗಳೂರಿನಲ್ಲಿ ಮೂಳೆ ಡಾಕ್ಟರು ಪಾದದಿಂದ ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿದರು. ಆರು ವಾರ ಕಾಲು ನೆಲಕ್ಕೆ ಊರಬಾರದು, ನೀರು ತಾಗಬಾರದು, ಊರಿದರೆ ಮೂಳೆ ಜರುಗಿ ಜೀವನವಿಡೀ ಕುಂಟಬೇಕಾಗುತ್ತದೆ ಅಂದರು. ಅಂದವರು ಮಾವನ ಮುಖ ನೋಡಲಿಲ್ಲ, ನಮ್ಮನೆಯವರ ಮುಖ ನೋಡಲಿಲ್ಲ. ನನ್ನ ಮುಖ ನೋಡಿ, "ನೋಡಮ್ಮ, ಇದು ನಿಮ್ಮ ಜವಾಬ್ದಾರಿ" ಅಂದರು. ದಿನಕ್ಕೆರಡು ಸಲ ತೋಟದ ಏರು ಹತ್ತಿ ಇಳಿಯುವ ಹೆಂಗಸನ್ನು ಆರು ವಾರ ಮಂಚದ ಮೇಲೆ ಇಡುವುದು! ಹುಚ್ಚುಹೊಳೆಗೆ ಕಟ್ಟೆ ಕಟ್ಟು ಅಂದಿದ್ದರೆ ನಾನು ಖುಷಿಯಿಂದ ಕಟ್ಟುತ್ತಿದ್ದೆ.

ಜೀಪು ಮೂಡಿಗೆರೆ ದಾಟುವಷ್ಟರಲ್ಲಿ ಅಪ್ಪ ಮಗ ಇಬ್ಬರೂ ಸಿಮೆಂಟಿನ ಕಣ ಮಾಡಿಸುವುದೆಂದು ತೀರ್ಮಾನಿಸಿ ಆಗಿತ್ತು. "ನಿನ್ನ ಸೆಗಣಿ ಕಣವೇ ನಿನ್ನ ಕಾಲು ಮುರೀತಲ್ಲ ಮಾರಾಯ್ತಿ, ಇನ್ನೆಂತ ಮಾತಾಡ್ತಿ?" ಅಂದರು ಮಾವ. ಹಿಂದಿನ ಸೀಟಿನಲ್ಲಿ ಕಾಲು ನೀಡಿಕೊಂಡು ಮಲಗಿದ್ದ ಅತ್ತೆ ಏನೂ ಅನ್ನಲಿಲ್ಲ. ನನಗೆ ಆವಾಗಲೇ ಹೆದರಿಕೆ ಆಯಿತು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ತಲೆ ಸಿಡಿಯುತ್ತದೆ. ಮೊದಲು ನೆಂಟರ ದಂಡು. ದೇವರಮನೆ ಬೆಟ್ಟದ ಕಡೆಯಿಂದ, ಕಳಸದಿಂದ, ಎಲ್ಲಿಂದೆಲ್ಲಿಂದಲೋ ಬ್ರೆಡ್ಡು, ಕಿತ್ತಳೆಹಣ್ಣು ಹಿಡಿದುಕೊಂಡು ಬಂದರು. ಬಂದವರೆಲ್ಲ ಕಾಲಿನ ಹತ್ತಿರ ಕೂತು, ಹಲಸಿನ ಹಣ್ಣು ನೋಡುವ ಹಾಗೆ ಬೆರಳಲ್ಲಿ ಪ್ಲಾಸ್ಟರ್ ತಟ್ಟಿ ನೋಡಿದರು. ಒಬ್ಬರು, "ಒಳಗೆ ಟೊಳ್ಳು ಇದ್ದ ಹಾಗಿದೆಯಲ್ಲ" ಅಂತ ಸಂಶಯಪಟ್ಟರು. ಇನ್ನೊಬ್ಬರು ಇದನ್ನು ಒಡೆದು ಬಿಸಾಕಿ ನಾಟಿ ವೈದ್ಯರ ಹತ್ತಿರ ಬಿದಿರಿನ ದಬ್ಬೆ ಕಟ್ಟಿಸಲೇಬೇಕು ಅಂತ ಹಟ ಹಿಡಿದರು. ಎಲ್ಲರಿಗೂ ಕಾಫಿ ನಾನೇ ಮಾಡಬೇಕು. ಅವರು ಹೋದ ಮೇಲೆ ಅತ್ತೆಗೆ ಒಳಗೆ ತುರಿಕೆ ಶುರು. ತೆಂಗಿನ ಗರಿಯ ಕಡ್ಡಿ ತೂರಿಸಿ ಕೆರೆಯುವವಳು ನಾನು. "ಅಲ್ಲಲ್ಲ, ಇನ್ನೂ ಕೆಳಗೆ. ಅಯ್ಯೋ, ಅದು ನನ್ನ ಕಾಲೇ ಅಲ್ವಾ, ಮೆಲ್ಲಗೆ!"

ಅತ್ತೆಯ ಮಂಚ ಹಾಕಿದ್ದು ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ. ಕಿಟಕಿಯಾಚೆ ಜಗಲಿ, ಜಗಲಿಯಾಚೆ ಕಣ. ಅಲ್ಲಿ ಗಾರೆ ಮೇಸ್ತ್ರಿ ಬಸಣ್ಣನ ಕೆಲಸ ನಡೆದಿತ್ತು. ಬಸಣ್ಣ ಬಯಲುಸೀಮೆಯವನು, ಒಳ್ಳೆಯ ಕೆಲಸಗಾರ. ನೆಲ ಅಗೆದು, ಜಲ್ಲಿ ಹಾಕಿ ಗಟ್ಟಿಮಾಡಿ, ಜಗಲಿಗೆ ತಾಗಿದ ಹಾಗೆ ಮೊದಲ ಪಟ್ಟಿಗೆ ಅವತ್ತು ಪ್ಲಾಸ್ಟರ್ ಎಳೆಯುತ್ತಿದ್ದ. ಎಳೆದು, ಒರೆಸಿ, ಜೇಬಿನಿಂದ ಒಂದು ಗೋಲಿ ತೆಗೆದು ಅಂಚಿನ ಹಲಗೆಯ ಮೇಲಿಟ್ಟು, "ಗೋಲಿ ಮಡಗಿದ್ರೂ ಉಳ್ಳಾಕಿಲ್ಲ ಗೌಡ್ರೆ, ಅಂಗೆ ಮಾಡಿವ್ನಿ!" ಅಂತ ಹೆಮ್ಮೆಪಟ್ಟ. ಮಾವ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಪಾಪ, ಅವನ ತಪ್ಪೇನೂ ಇಲ್ಲ. ಅವನ ಊರಲ್ಲಿ ಕಣ ಅಂದರೆ ರಾಗಿ ಬಡಿಯುವ ಕಣ. ಅದು ಹಲಗೆಯ ಹಾಗೆ ಸಮ ಇರಬೇಕು. ಕಾಫಿ ಕಣ ಹಾಗಲ್ಲ. ತೊಳೆದ ಕಾಫಿ ನೀರು ಸುರಿಸುತ್ತಲೇ ಬಂದು ಬೀಳುತ್ತದೆ. ಅದು ಸಾಲದು ಅಂತ ಡಿಸೆಂಬರಿನಲ್ಲಿ ಯಾರೂ ಕರೆಯದ ಒಂದು ಮಳೆ ಬರುತ್ತದೆ. ಆ ನೀರು ಹರಿದು ಹೋಗಲು ವಾಟ ಬೇಕು, ಕಣ್ಣಿಗೆ ಕಾಣದಷ್ಟು ಇಳಿಜಾರು. ವಾಟ ಇಲ್ಲದಿದ್ದರೆ ನೀರು ನಿಂತು ಕಾಫಿ ಮುಗ್ಗುತ್ತದೆ, ವರ್ಷದ ದುಡಿಮೆ ಗೊಬ್ಬರದ ಗುಂಡಿಗೆ. ಮೂವತ್ತು ವರ್ಷ ನಮ್ಮ ಕಣಕ್ಕೆ ನೇರಳೆ ಮರದ ಕಡೆ ವಾಟ ಇಟ್ಟುಕೊಂಡು ಬಂದವರು ಅತ್ತೆ. ಸೆಗಣಿ ಸಾರಿಸುವಾಗ ಕೈಯಲ್ಲೇ ಇಡುತ್ತಿದ್ದರು, ಯಾರಿಗೂ ಹೇಳಿರಲಿಲ್ಲ. ಮಾವನಿಗೆ ಅದು ಗೊತ್ತೇ ಇರಲಿಲ್ಲ, ಕಣ ಅವರ ಇಲಾಖೆಯಲ್ಲವಲ್ಲ.

"ಗೋಲಿ ಉರುಳಬೇಕು ಕಣೋ ಪುಣ್ಯಾತ್ಮ!" ಅಂತ ಅತ್ತೆ ಮಂಚದಿಂದಲೇ ಕೂಗಿದರು. ಹೊರಗೆ ಕಲಸುವ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಆಗ ನನ್ನನ್ನು ಕರೆದರು.

ಅವತ್ತು ನಾನು ಎಷ್ಟನೇ ಸಲ ಹೊರಗೆ ಹೋಗಬೇಕಿತ್ತು ಅಂತ ನನಗೇ ಲೆಕ್ಕವಿರಲಿಲ್ಲ. ಬೆಳಗ್ಗಿನಿಂದ ಒಂದೇ ಸಮನೆ, ಮರಳು ಜರಡಿ ಹಿಡಿದರಾ ಕೇಳು, ಸಿಮೆಂಟ್ ಚೀಲ ಒಳಗಿಡಿಸು, ನೇರಳೆ ಮರದ ಬೇರು ಕಡಿಯಬೇಡಿ ಅನ್ನು. ಹೋಗಿ ಹೇಳಿದಾಗಲೆಲ್ಲ ಬಸಣ್ಣ, "ಅಮ್ಮಾರು ಮನಗಿದ್ದೇ ಮೇಸ್ತ್ರಿ ಕೆಲ್ಸ ಮಾಡ್ತಾವ್ರೆ" ಅಂತ ಹಲ್ಲು ಕಿರಿಯುತ್ತಿದ್ದ. ಮಾವ, "ಅವಳಿಗೆ ಸುಮ್ನೆ ಮಲಗಿರಕ್ಕೆ ಹೇಳು, ನೀನೂ ಒಳಗೆ ಹೋಗು" ಅಂತ ಗದರುತ್ತಿದ್ದರು. ಒಳಗೆ ಬಂದರೆ ಇವರು, ಹೊರಗೆ ಹೋದರೆ ಅವರು. ನಡುವೆ ಒಲೆಯ ಮೇಲಿನ ಅನ್ನ ತಳ ಹಿಡಿದಿತ್ತು.

"ಮೇಸ್ತ್ರಿ ಹತ್ರ ಹೇಳು" ಅಂದರು ಅತ್ತೆ. "ಒಂದು ಚೊಂಬು ನೀರು ಸುರಿದು ನೋಡು ಅನ್ನು. ನೀರು ನೇರಳೆ ಮರದ ಕಡೆ ಹೋಗಬೇಕು. ಹೋಗದಿದ್ರೆ ಮುಂದೆ ಹಾಕಬೇಡ ಅಂತ ಹೇಳು. ನಾಳೆ ಪೂರ್ತಿ ಹಾಕಿಬಿಟ್ರೆ ಮುಗೀತು, ಆಮೇಲೆ ದೇವರು ಬಂದ್ರೂ ವಾಟ ಕೊಡಕ್ಕಾಗಲ್ಲ."

"ಆಯ್ತು ಅತ್ತೆ" ಅಂದು ಹೊರಟೆ. ಹಿತ್ತಲ ಬಾಗಿಲಿನಿಂದ ಹೊರಟೆ. ಕಣದ ಆಚೆ ಅಂಚಿನ ಬಚ್ಚಲುಮನೆಯನ್ನು ಬಳಸಿಕೊಂಡು ಹೋದರೆ ಆಚೆ ದಿಬ್ಬದ ಮೇಲೆ ಒಂದು ಸೀಬೆಮರ, ಅದರ ಬುಡದಲ್ಲಿ ಬಟ್ಟೆ ಒಗೆಯುವ ಕಲ್ಲು. ಕಣದಲ್ಲಿದ್ದವರಿಗೆ ಬೆನ್ನಾಗುವ ಜಾಗ. ಅಲ್ಲಿಗೆ ಬರುವಷ್ಟರಲ್ಲಿ ನನ್ನ ಕಾಲು ನಿಂತುಬಿಟ್ಟಿತು. ಮತ್ತೆ ಬಸಣ್ಣನ ಹಲ್ಲು ನೋಡಬೇಕು, ಮಾವನ ಹತ್ತಿರ ಬೈಸಿಕೊಳ್ಳಬೇಕು, ಬಂದು ಇಲ್ಲಿ ವರದಿ ಒಪ್ಪಿಸಬೇಕು. ಯಾರಿಗೆ ಬೇಕಾಗಿದೆ? ಸಾಕಪ್ಪ ಸಾಕು ಅಂತ ಕಲ್ಲಿನ ಮೇಲೆ ಕೂತೆ. ಕೈಗೆ ಸಿಗುವ ಹಾಗೆ ಒಂದು ದೋರೆ ಸೀಬೆಕಾಯಿ ಇತ್ತು, ಕಿತ್ತು ತಿಂದೆ. ಅಂಥ ರುಚಿಯ ಸೀಬೆಕಾಯಿಯನ್ನು ಆ ಮೊದಲೂ ತಿಂದಿಲ್ಲ, ಆಮೇಲೂ ತಿಂದಿಲ್ಲ. ಬಾಯಿ ಒರೆಸಿಕೊಂಡು ಒಳಗೆ ಬಂದೆ.

"ಹೇಳ್ದೆ ಅತ್ತೆ. ನೋಡ್ತೀನಿ ಅಂದ."

ಅತ್ತೆ ಒಂದು ಗಳಿಗೆ ನನ್ನನ್ನು ನೋಡಿದರು. "ಹೌದಾ? ಸರಿ. ಹೋಗಿ ಟೀ ಇಡು, ಅವರಿಗೆ ಕೊಡೋ ಹೊತ್ತಾಯ್ತು" ಅಂದರು.

ಟೀ ಇಟ್ಟೆ. ಬಸಣ್ಣ ಮತ್ತು ಅವನ ಕಡೆಯವರು ಕೈ ತೊಳೆದುಕೊಂಡು ಗೋದಾಮಿನ ಹಿಂದೆ ಹೋಗಿ ಕೂತರು. ಮಾವ ತೋಟದ ಕಡೆ ಹೋದರು. ನಾನು ಲೋಟಗಳನ್ನು ತೊಳೆಯುತ್ತಿದ್ದೆ. ಆಗ ಬಸಣ್ಣನ ಕೂಗು ಕೇಳಿತು. "ಅಯ್ಯಯ್ಯೋ, ಅಮ್ಮಾರೇ, ನನ್ ಪ್ಲಾಸ್ಟ್ರು!"

ಓಡಿ ಬಂದು ನೋಡುತ್ತೇನೆ, ಹಸಿ ಸಿಮೆಂಟಿನ ನಟ್ಟನಡುವೆ ಅತ್ತೆ ನಿಂತಿದ್ದಾರೆ. ಒಂದು ಕೈಯಲ್ಲಿ ಬಾಗಿಲಿಗೆ ಅಡ್ಡ ಕೊಡುವ ದೊಣ್ಣೆ, ಇನ್ನೊಂದು ಕೈಯಲ್ಲಿ ಬರಿದಾದ ಚೊಂಬು. ಬಿಳಿ ಕಾಲು ಅರ್ಧ ಹೂತುಹೋಗಿದೆ. "ಅತ್ತೇ, ನಿಮ್ಮ ಪ್ಲಾಸ್ಟರ್!" ಅಂತ ನಾನು ಕಿರುಚಿದೆ. ಅವನದು ಅವನಿಗೆ, ನನ್ನದು ನನಗೆ. ಅತ್ತೆ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಖ ನೋವಿಗೆ ಬೆಳ್ಳಗಾಗಿತ್ತು, ಆದರೂ ದೊಣ್ಣೆ ಎತ್ತಿ ನೆಲ ತೋರಿಸಿದರು. ಸುರಿದ ನೀರು ಅವರ ಕಾಲಿನ ಸುತ್ತ ಹಾಗೇ ನಿಂತಿತ್ತು.

"ಎಲ್ಲಿಗೆ ಹೋಗ್ತದೆ ಇದು? ಹೇಳೋ ಬಸಣ್ಣ, ಎಲ್ಲಿಗೆ ಹೋಗ್ತದೆ?"

ಬಸಣ್ಣ ನೀರು ನೋಡಿದ, ನೇರಳೆ ಮರ ನೋಡಿದ, ತಲೆ ಕೆರೆದುಕೊಂಡ. ಕೂಗು ಕೇಳಿ ಓಡಿಬಂದಿದ್ದ ಮಾವನೂ ನೋಡಿದರು. ಆಮೇಲೆ ಬಸಣ್ಣನೇ ಸಿಮೆಂಟಿನೊಳಗೆ ಇಳಿದು ಅವರನ್ನು ಮಗುವಿನ ಹಾಗೆ ಎತ್ತಿಕೊಂಡು ಜೀಪಿಗೆ ತಂದ.

ಚಿಕ್ಕಮಗಳೂರಿನ ದಾರಿಯುದ್ದಕ್ಕೂ ಆ ಕಾಲು ನನ್ನ ತೊಡೆಯ ಮೇಲಿತ್ತು. ಹಿಮ್ಮಡಿಯ ಹತ್ತಿರ ಪ್ಲಾಸ್ಟರ್ ಒಡೆದು, ನೆನೆದು, ಅಪ್ಪಚ್ಚಿಯಾಗಿತ್ತು. ಮುಂದಿನ ಸೀಟಿನಿಂದ ಮಾವ ಸಿಟ್ಟು ತಡೆಯಲಾರದೆ, "ಯಾರ ಹತ್ರಾದ್ರೂ ಒಂದು ಮಾತು ಹೇಳಿ ಕಳಿಸಬಾರದಿತ್ತಾ ನೀನು?" ಅಂದರು. ಈಗ ಅತ್ತೆ ನನ್ನ ಹೆಸರು ಹೇಳುತ್ತಾರೆ, ಮಾವ ಬಸಣ್ಣನನ್ನು ಕೇಳುತ್ತಾರೆ, ಅವನು ಇಲ್ಲ ಅನ್ನುತ್ತಾನೆ. ಅತ್ತೆ ಕಣ್ಣು ಮುಚ್ಚಿಕೊಂಡೇ, "ಹೇಳಿ ಕಳಿಸಿದ್ರೆ ನೀವು ಕೇಳೋರಾ?" ಅಂದರು. ಅಷ್ಟೇ. ಆ ಮಾತು ಅಲ್ಲಿಗೆ ನಿಂತಿತು.

ಮೂಳೆ ಒಂದು ನೂಲು ಜರುಗಿದೆ ಅಂದರು ಡಾಕ್ಟರು. ಆಪರೇಷನ್ ಮಾಡಿದರೆ ಸರಿಮಾಡಬಹುದು ಅಂದರು. "ಬೇಡ ಡಾಕ್ಟ್ರೇ, ಕುಯ್ಲು ಶುರುವಾಗ್ತದೆ. ನಡೆಯಕ್ಕೆ ಬಂದ್ರೆ ಸಾಕು" ಅಂದರು ಅತ್ತೆ. ಯಾರು ಎಷ್ಟು ಹೇಳಿದರೂ ಕೇಳಲಿಲ್ಲ. ಹೊಸ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದರು. ಅದನ್ನು ಬಿಚ್ಚಿದಾಗ ನಡೆಯಲಿಕ್ಕೆ ಬಂತು, ನಿಜ. ಎಡಗಾಲು ಮಾತ್ರ ಎಳೆಯುತ್ತಿತ್ತು. ಈಗಲೂ ಎಳೆಯುತ್ತದೆ.

ಕಣ ಏನಾಯಿತು ಅಂತ ಕೇಳುತ್ತೀರಿ. ನಾವು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮೊದಲ ಪಟ್ಟಿ ಹೆಜ್ಜೆಗಳ ಸಮೇತ ಗಟ್ಟಿಯಾಗಿತ್ತು. ಮಾರನೇ ದಿನ ಬಸಣ್ಣ ಗೋಲಿಯನ್ನು ಜೇಬಿನಿಂದ ತೆಗೆಯದೆ, ಉಳಿದ ಕಣಕ್ಕೆಲ್ಲ ನೇರಳೆ ಮರದ ಕಡೆ ವಾಟ ಕೊಟ್ಟೇ ಹಾಕಿದ. ಆ ಡಿಸೆಂಬರಿನಲ್ಲಿ ಎರಡು ದಿನ ಹಿಡಿದುಕೊಂಡು ಮಳೆ ಹೊಡೆಯಿತು. ಮೊದಲ ಪಟ್ಟಿಯ ಕಾಫಿಯನ್ನು ಇಳಿಜಾರಿನ ಕಡೆ ಎಳೆದುಕೊಂಡೆವು, ಅಲ್ಲಿ ನೀರು ಛತ್ರಿಯ ಮೇಲಿನಿಂದ ಇಳಿದ ಹಾಗೆ ಇಳಿದುಹೋಯಿತು. ನಮ್ಮ ಒಂದು ಕಾಳೂ ಮುಗ್ಗಲಿಲ್ಲ. ಮಾವ ಬಂದವರಿಗೆಲ್ಲ ಕಣ ತೋರಿಸಿ, "ನಾನೇ ನಿಂತು ವಾಟ ಕೊಡಿಸಿದ್ದು" ಅಂದರು.

ಹೆಜ್ಜೆಗಳು ಉಳಿದವು. ಜಗಲಿಯಿಂದ ಹೊರಟು ಒಂದು ಬರಿಗಾಲು, ಐದು ಬೆರಳೂ ಸ್ಪಷ್ಟ. ಪಕ್ಕದಲ್ಲಿ ಒಂದು ಮೊದ್ದು ಹಳ್ಳ. ಅದರ ಪಕ್ಕ ದೊಣ್ಣೆಯ ತೂತು. ಮತ್ತೆ ಬರಿಗಾಲು, ಮತ್ತೆ ಹಳ್ಳ, ಮತ್ತೆ ತೂತು. ಮೂರು ಸಲ ತೇಪೆ ಹಾಕಿಸಿದ್ದಾಯಿತು. ಹಳೇ ಪ್ಲಾಸ್ಟರು ಹೊಸದನ್ನು ಹಿಡಿದುಕೊಳ್ಳುವುದಿಲ್ಲ, ಒಂದು ಮಳೆಗಾಲ ಕಳೆದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಕಾಫಿ ಹರಡಿದಾಗಲೆಲ್ಲ ಕಾಳುಗಳು ಹೋಗಿ ಆ ಹಳ್ಳಗಳಲ್ಲೇ ಕೂರುತ್ತವೆ. ಹಲಗೆಯಲ್ಲಿ ಎಳೆದರೆ ಬರುವುದಿಲ್ಲ, ಪೊರಕೆಗೂ ಬಗ್ಗುವುದಿಲ್ಲ. ಬಿಟ್ಟರೆ ಅಲ್ಲೇ ಕಪ್ಪಾಗಿ ಇಡೀ ರಾಶಿಗೆ ವಾಸನೆ ಹತ್ತಿಸುತ್ತವೆ. ಅದಕ್ಕೇ ದಿನಾ ಸಂಜೆ ಕುಕ್ಕರುಗಾಲಲ್ಲಿ ಕೂತು, ಅತ್ತೆಯ ಹೆಬ್ಬೆರಳಿನ ಗುಂಡಿಯಿಂದ, ಹಿಮ್ಮಡಿಯ ಗುಂಡಿಯಿಂದ, ಒಂದೊಂದೇ ಕಾಳನ್ನು ಬೆರಳು ತೂರಿಸಿ ತೆಗೆಯುತ್ತೇನೆ. ಸಿಮೆಂಟಿನ ತರಿಗೆ ಬೆರಳು ಸುಲಿಯುತ್ತದೆ. ಆಳಿಗೆ ಹೇಳಬಹುದಲ್ಲ ಅನ್ನುತ್ತಾರೆ ನಮ್ಮನೆಯವರು. ಆಳಿಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಕೂತು ತೆಗೆಯುವಾಗ ಹಿಂದಿನಿಂದ ಅತ್ತೆ ನಡೆದುಬರುವ ಸದ್ದು ಕೇಳುತ್ತದೆ. ಒಂದು ಕಾಲು ಊರುವ ಸದ್ದು, ಒಂದು ಕಾಲು ಎಳೆಯುವ ಸದ್ದು. ಹೇಳಿಬಿಡಬೇಕು ಅಂತ ನೂರು ಸಲ ಅನ್ನಿಸಿದೆ. ಅತ್ತೆ, ನಾನವತ್ತು ಮೇಸ್ತ್ರಿಗೆ ಹೇಳಿರಲಿಲ್ಲ, ನಾನು ಹೇಳಿದ್ದರೆ ನೀವು ಏಳುತ್ತಿರಲಿಲ್ಲ. ಬಾಯಿ ತೆರೆದರೆ, "ಮೋಡ ಆಗ್ತಿದೆ ಅತ್ತೆ, ರಾಶಿ ಮಾಡೋಣ" ಅಂತ ಬರುತ್ತದೆ. ನನ್ನ ಹೇಡಿತನಕ್ಕೆ ನನಗೇ ರೋಸಿಹೋಗಿದೆ.

ಹೀಗೇ ಹನ್ನೆರಡು ವರ್ಷ ಹೋಯಿತು. ಹೋದ ವರ್ಷ ಕುಯ್ಲಿನ ಸಮಯದಲ್ಲಿ ನಾನೇ ಗೋದಾಮಿನ ಮೆಟ್ಟಿಲಿನಲ್ಲಿ ಕಾಲು ಹೊರಳಿಸಿಕೊಂಡೆ. ಮೂಳೆ ಸೀಳಿದೆ ಅಂತ ಡಾಕ್ಟರು ಮೂರು ವಾರಕ್ಕೆ ಪ್ಲಾಸ್ಟರ್ ಹಾಕಿ ಕಳಿಸಿದರು. ನನ್ನನ್ನು ಅದೇ ಮುಂದಿನ ಕೋಣೆಯಲ್ಲಿ, ಅದೇ ಮಂಚದಲ್ಲಿ ಮಲಗಿಸಿದರು. ಎಪ್ಪತ್ತು ದಾಟಿದ ಅತ್ತೆ ಗಂಜಿ, ಬಿಸಿನೀರು ಅಂತ ಕಾಲೆಳೆದುಕೊಂಡು ಓಡಾಡತೊಡಗಿದರು. ನಾನೂ ಸುಮ್ಮನಿರುವ ಗಿರಾಕಿಯೇ? "ಅತ್ತೆ, ಕಾಫಿ ಮಗುಚಿದ್ರಾ ನೋಡಿ. ಅತ್ತೆ, ಹಳ್ಳದಲ್ಲಿ ಕಾಳು ಉಳ್ಕೊಂಡಿದೆ, ತೆಗೆಯಕ್ಕೆ ಹೇಳಿ." ಅವರು ಒಂದು ಸಲವೂ ಮುಖ ಸಿಂಡರಿಸದೆ ಹೋಗಿ ಹೇಳಿ ಬಂದರು.

ಎರಡನೇ ದಿನವೋ ಮೂರನೇ ದಿನವೋ, ಕಣದಲ್ಲಿ ಹರಡಿದ್ದ ಕಾಫಿ ನೋಡುತ್ತ ಮಲಗಿದ್ದೆ. ಆ ಕಿಟಕಿಯನ್ನು ನಾನು ಸಾವಿರ ಸಲ ಒರೆಸಿದ್ದೇನೆ. ನಿಂತು ನೋಡಿದರೆ ಜಗಲಿಯ ಸೂರು ಅಡ್ಡ ಬರುತ್ತದೆ, ಕಣ ಬಿಟ್ಟರೆ ಏನೂ ಕಾಣುವುದಿಲ್ಲ. ದಿಂಬಿಗೆ ತಲೆ ಇಟ್ಟರೆ ಸೂರಿನ ಕೆಳಗಿನಿಂದ ಆಚೆಯದೂ ಕಾಣುತ್ತದೆ. ಕಣದಾಚೆಯ ಬಚ್ಚಲುಮನೆಯ ಮೂಲೆ ಕಂಡಿತು. ಮೂಲೆಯಾಚೆಯ ದಿಬ್ಬ ಕಂಡಿತು. ದಿಬ್ಬದ ಮೇಲೆ ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ಪಕ್ಕ ಸೀಬೆಮರ. ಎಲೆ ಎಣಿಸುವಷ್ಟು ಸ್ಪಷ್ಟ.

ಹನ್ನೆರಡು ವರ್ಷ! ಹನ್ನೆರಡು ವರ್ಷ ನಾನು ಹೊತ್ತುಕೊಂಡು ತಿರುಗಿದ ಸುಳ್ಳು, ಅದನ್ನು ಹೇಳಿದ ಗಳಿಗೆಯಿಂದಲೇ ಅವರಿಗೆ ಗೊತ್ತಿತ್ತು. ನನಗೆ ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು. ಒಂದು ಸಲ ಬೈದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತಲ್ಲ! ಜೀಪಿನಲ್ಲೇ ಹೇಳಬಹುದಿತ್ತು. ಕುಂಟುವಾಗೆಲ್ಲ ಒಂದು ಮಾತು ಚುಚ್ಚಬಹುದಿತ್ತು, ಬೇರೆ ಅತ್ತೆಯರಾಗಿದ್ದರೆ ಊರಿಗೆಲ್ಲ ಸಾರಿಬಿಡುತ್ತಿದ್ದರು. ಇವರು ಬಾಯಿ ಬಿಡದೆ ನನ್ನ ಪ್ರಾಣ ಹಿಂಡಿದರು.

ಅಷ್ಟರಲ್ಲಿ ಅತ್ತೆ ಕಾಫಿ ಲೋಟ ಹಿಡಿದುಕೊಂಡು ಬಂದರು. ನಾನು ಎದ್ದು ಕೂತು ಕೇಳಿಯೇಬಿಟ್ಟೆ.

"ಅತ್ತೆ, ಇಲ್ಲಿಂದ ಸೀಬೆಮರ ಕಾಣ್ತದೆ."

"ಹೂಂ. ಮೊದಲಿಂದ್ಲೂ ಕಾಣ್ತದೆ" ಅಂದರು ಅತ್ತೆ, ಲೋಟವನ್ನು ನನ್ನ ಕೈಗಿಡುತ್ತ.

"ಮತ್ತೆ ನೀವ್ಯಾಕೆ ಹೇಳ್ಲಿಲ್ಲ? ಅವತ್ತು ನನ್ನ ಕರೆದು ಬೈದು ವಾಪಸ್ ಕಳಿಸಿದ್ರೆ ನಾನು ಹೋಗಿ ಹೇಳ್ತಿದ್ದೆ. ನಿಮ್ಮ ಕಾಲು ಹೀಗಾಗ್ತಿರಲಿಲ್ಲ." ಲೋಟದ ಕಾಫಿ ಹಾಸಿಗೆಗೆ ತುಳುಕಿತು.

ಅತ್ತೆ ಸೆರಗಿನ ತುದಿಯಲ್ಲಿ ಅದನ್ನು ಒರೆಸಿದರು. ಒರೆಸುತ್ತಲೇ ಅಂದರು:

"ಬೆಳಗ್ಗಿಂದ ಒಂದು ನಿಮಿಷ ಕೂತಿರ್ಲಿಲ್ಲ ನೀನು. ಕೂತ್ಕೊಂಡು ಒಂದು ಸೀಬೆಕಾಯಿ ತಿಂತಿದ್ದೆ. ತಿನ್ನಲಿ ಬಿಡು ಅಂತ ನಾನೇ ಎದ್ದೆ."